ಗಂಟಿಕ್ಕುವ ಸ್ನಾಯು

ಮುಖ ನೋಡಿ ಮಣೆ ಹಾಕಬಾರದಂತೆ.
ನನಗೆ ಸಂಬಳ ಬರುವುದೇ ಅದಕ್ಕೆ:
ಮುಖ ನೋಡಿ ಕನ್ನಡಕ ಬರೆಯುವವಳು ನಾನು,
ಕುವೊಪಿಯೊದಲ್ಲಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ಹುಬ್ಬಿನ ಮೇಲೆ ಎರಡು, ಕಣ್ಣಿನ ಕೆಳಗೆ ಎರಡು,
ಕಿವಿಯ ಹಿಂದೊಂದು
ತಣ್ಣನೆಯ ಬಿಲ್ಲೆ ಅಂಟಿಸಿ.

ಈ ಊರಿನವರಿಗೆ ಮಾತು ಮೊದಲೇ ತುಟ್ಟಿ.
"ಇದು ಚೆನ್ನೋ, ಅದು ಚೆನ್ನೋ?" ಎಂದು ಗಾಜು ಬದಲಿಸಿದರೆ
"ಆದೀತು" ಅನ್ನುತ್ತಾರೆ.
ಇನ್ನೊಂದಕ್ಕೂ "ಆದೀತು."
ಗಾಜೇ ಇಲ್ಲದ ಬರಿ ಚೌಕಟ್ಟಿಗೂ ಒಮ್ಮೆ ಒಬ್ಬಾಕೆ
"ಆದೀತು" ಅಂದಿದ್ದಳು,
ನನಗೆ ಬೇಸರವಾಗದಿರಲೆಂದು.

ಸ್ನಾಯುವಿಗೆ ಆ ದಾಕ್ಷಿಣ್ಯವಿಲ್ಲ.
ಅಕ್ಷರ ಮಸುಕಾದರೆ ಸೆಟೆಯುತ್ತದೆ,
ಕನ್ನಡಿಗೂ ಕಾಣದಷ್ಟು,
ಕೆಲವೇ ಮೈಕ್ರೋವೋಲ್ಟು;
ಪರದೆಯ ಮೇಲೆ ಹಸಿರು ಗೆರೆಗೆ ಮುಳ್ಳೇಳುತ್ತದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಟೌನೊ ಹಿರ್ವೊನೆನ್ ಬಂದ.
ಎಪ್ಪತ್ತೆಂಟು ವರ್ಷ. ಮಂಜುಗಡ್ಡೆ ಕೊರೆದು ಬಲೆ ಇಳಿಸುವವನು.
ಬಲೆಯ ಕಣ್ಣು ಹೆಣೆಯಲು
ಮುಖದ ಕಣ್ಣು ಸಾಲದಾಗಿದೆ, ಅಷ್ಟೆ.

ಮೊದಲ ಗಾಜು: ಆದೀತು. ಗೆರೆ ಮುಳ್ಳುಹಂದಿ.
ಎರಡನೆಯದು: ಆದೀತು. ಕೊಂಚ ತಗ್ಗಿತು.
ಮೂರನೆಯದಕ್ಕೆ, ಎರಡೂಕಾಲು ಪವರಿಗೆ,
ಮಲಗಿಬಿಟ್ಟಿತು, ಗಾಳಿಯಿಲ್ಲದ ನೀರಿನ ಹಾಗೆ.
ಬರೆದುಕೊಂಡೆ. ಇನ್ನೊಮ್ಮೆ ಖಚಿತವಾಗಲೆಂದು
ಓದುವ ಕಾರ್ಡು ಕೈಗಿತ್ತೆ,
ಎಲ್ಲರಿಗೂ ಕೊಡುವ ಅದೇ ಕಾರ್ಡು,
ಯಾರೋ ಮೇಷ್ಟರು ಯಾವ ಕಾಲಕ್ಕೋ ಬರೆದದ್ದು:
ಬೆಳಗಾಯಿತು. ಸರೋವರ ಶಾಂತವಾಗಿತ್ತು.
ಹುಡುಗ ಒಬ್ಬನೇ ದೋಣಿ ಬಿಚ್ಚಿದ.

ಗೆರೆ ಎದ್ದಿತು.

ಗಾಜು ತಪ್ಪೇ? ಕಾಲು ಏರಿಸಿದೆ, ಕಾಲು ಇಳಿಸಿದೆ.
ಏಳುವುದು ಅಲ್ಲೇ, ಎರಡನೆಯ ಸಾಲಿನ ಕೊನೆಗೆ.
ಅವನ ಮುಖದಲ್ಲಿ ನನಗೆ ಕಂಡದ್ದು ಏನೂ ಇಲ್ಲ.
"ಓದಲು ಆಗುತ್ತಿದೆಯೆ?"
"ಚೆನ್ನಾಗಿ," ಅಂದ.

ಪಠ್ಯದಲ್ಲಿ ಅದು ಅರ್ಧ ಪುಟ,
ಪರೀಕ್ಷೆಗೆ ಓದಿ ಮರೆತದ್ದು:
ಸಣ್ಣಕ್ಷರಕ್ಕೂ ಸಂಕಟಕ್ಕೂ
ಹುಬ್ಬು ಗಂಟಿಕ್ಕುವುದು ಒಂದೇ ಸ್ನಾಯು.
ಎಷ್ಟು ಎಂದು ಹೇಳುತ್ತದೆ ಯಂತ್ರ.
ಏಕೆ ಎಂದು ಕೇಳುವ ಬಿಲ್ಲೆ ನನ್ನ ಪೆಟ್ಟಿಗೆಯಲ್ಲಿಲ್ಲ.

ಕಾರ್ಡು ಮಗುಚಿಟ್ಟು ಬಸ್ಸಿನ ವೇಳಾಪಟ್ಟಿ ಕೊಟ್ಟೆ.
ಆರು ಹದಿನೈದು. ಆರು ನಲವತ್ತು. ಏಳು ಐದು.
ಗೆರೆ ಮಲಗಿತು.

ಬಿಲ್ಲೆ ಕೀಳುವಾಗ ಎರಡು ಬಿಳಿ ಕೂದಲೂ ಬಂದವು.
ಕ್ಷಮಿಸಿ ಅಂದೆ.
ಅವನು ಪರದೆಯತ್ತ ಬಾಗಿ
ಉಗುರೊಡೆದ ಬೆರಳನ್ನು ಆ ಮುಳ್ಳುಗಳ ಮೇಲಿಟ್ಟ.
"ಇಲ್ಲಿ ಗಾಳಿ ಎದ್ದಿದೆ."
ಹೌದು ಅಂದೆ.
"ಮಧ್ಯಾಹ್ನ ಎರಡರ ಮೇಲೆ," ಅಂದ,
ಟೊಪ್ಪಿಗೆ ಕಿವಿಯವರೆಗೆ ಎಳೆದುಕೊಂಡ.

ಚೀಟಿಯಲ್ಲಿ ಬರೆದೆ: ಎರಡೂಕಾಲು, ಎರಡೂ ಕಣ್ಣಿಗೆ.
ಕಾರ್ಡು ಬದಲಿಸಿ ಎಂದು ಮೇಲಿನವರಿಗೂ ಒಂದು ಟಿಪ್ಪಣಿ ಬರೆದೆ.
ಯಾವ ಸಾಲು ಹಾಕಬೇಕು ಅನ್ನುವ ಜಾಗ
ಇನ್ನೂ ಖಾಲಿಯಿದೆ.