ಹಿತ್ತಲ ನೀರು

ಬೀದಿಯಿಂದ ನೋಡಿದರೆ ಈ ಊರಿಗೆ ಮುಖವಿದೆ:
ಕತ್ತರಿಸಿದ ಹುಲ್ಲು, ತೊಳೆದ ಕಾರು, ಬಾಗಿಲಿಗೊಂದು ಸಂಖ್ಯೆ.
ಬೆನ್ನು ನೋಡಬೇಕೆಂದರೆ ಕಾಲುವೆಗಿಳಿಯಬೇಕು
ಬೆಳಗಿನ ಆರಕ್ಕೆ,
ಎವೆಲಿಯೋನ ತಗಡಿನ ದೋಣಿಯಲ್ಲಿ.

ಹನ್ನೆರಡಡಿ ಉದ್ದ. ಒಂದು ಪಕ್ಕ ನೆಗ್ಗಿದೆ.
ಹಿಂದೆ ಬ್ಯಾಟರಿ ಮೋಟಾರು, ಹಿಡಿದವನು ನಾನು;
ಮುಂದೆ, ಮಗುಚಿದ ಬಕೆಟ್ಟಿನ ಮೇಲೆ ಅವನು.
ವಾರವೆಲ್ಲ ಮಯಾಮಿಯ ತಾರಸಿಗಳ ಮೇಲೆ
ಏಸಿ ರಿಪೇರಿ ಮಾಡಿ ಸುಟ್ಟ ಕುತ್ತಿಗೆ
ಶನಿವಾರವಷ್ಟೇ ಬಾಗುತ್ತದೆ, ಗಂಟು ಹಾಕಲು:
ನೇರಳೆ ಬಣ್ಣದ ರಬ್ಬರ್ ಹುಳ, ಉಗುಳು ಸವರಿದ ದಾರ.

ಈ ನೀರು ಯಾವ ಬೆಟ್ಟದಲ್ಲೂ ಹುಟ್ಟಿದ್ದಲ್ಲ.
ಜೌಗು ಬಸಿಯಲೆಂದು ಯಂತ್ರ ತೋಡಿದ ಗೆರೆ,
ಅಡಿಗೋಲಿಟ್ಟು ಎಳೆದಂತೆ; ತಿರುವೂ ಲಂಬಕೋನ.
ಹರಿಯುವ ಆತುರವಿಲ್ಲ. ಗೇಟು ಎತ್ತಿದ ದಿನ ಮಾತ್ರ
ಏನೋ ನೆನಪಾದವರ ಹಾಗೆ
ಒಂದಿಷ್ಟು ಸರಿಯುತ್ತದೆ.

ಹೋಗುತ್ತೇವೆ, ಬೆನ್ನುಗಳ ನಡುವೆ.
ಈಜುಕೊಳದಲ್ಲಿ ಗಾಳಿ ಹೋದ ಹಂಸ,
ಬೋರ್ ನೀರಿನ ತುಕ್ಕು ಚಿಮ್ಮಿ ಕೆಂಪಾದ ಗೋಡೆ,
ಕದ್ದು ಸಿಗರೇಟು ಸೇದುವ ಪಾದ್ರಿ.
ಕೈಯೆತ್ತುತ್ತಾನೆ, ನಾವೂ. ಅವನನ್ನು ನಾವು ನೋಡಿಲ್ಲ,
ಅವನು ನಮ್ಮನ್ನು ನೋಡಿಲ್ಲ. ಕಾಲುವೆಯ ಕಾನೂನು ಇದು.
ಉಡದಂಥ ಇಗ್ವಾನಾ ಕೊಂಬೆಯಿಂದ ನೀರಿಗೆ
ಬಿದ್ದ ಸದ್ದಿಗೆ ಎವೆಲಿಯೋ "ದೊಡ್ಡದು!" ಅನ್ನುತ್ತಾನೆ,
ಪ್ರತಿ ಸಲ.

ಬ್ಯಾಸ್ ಬಯಲಿನ ಮೀನಲ್ಲ.
ಅದಕ್ಕೆ ನೆರಳು ಬೇಕು, ಕಂಬ ಬೇಕು,
ಮುರಿದದ್ದೇನಾದರೂ ಬೇಕು, ಒರಗಿ ಕಾಯಲು.
ಮುಳುಗಿದ ಸೈಕಲ್ಲು, ಯಾವುದೋ ಅಂಗಡಿಯ ತಳ್ಳುಗಾಡಿ,
ನಾವು ಎಸೆದು ಮರೆತದ್ದರಲ್ಲೇ ಅದರ ಸಂಸಾರ.
ಬಾಯಿ ಮಾತ್ರ ಮೈಗಿಂತ ದೊಡ್ಡದು.
"ನಮ್ಮ ಮಾವನ ಹಾಗೆ" ಅನ್ನುತ್ತಾನೆ,
"ಮಾಜಿ ಮಾವ" ಎಂದು ತಿದ್ದುತ್ತಾನೆ.

ನಾನು ಜಮೈಕಾದ ಕಡಲ ಕಡೆಯವನು.
ಅಪ್ಪನ ಬಲೆಗೆ ಬಿದ್ದದ್ದೆಲ್ಲ ಬಾಣಲೆಗೆ.
ಹಿಡಿದು ಮತ್ತೆ ಬಿಡುವ ಈ ಹುಚ್ಚು
ನನಗೆ ಅರ್ಥವಾಗಲು ಬಹಳ ಶನಿವಾರಗಳು ಹಿಡಿದವು.

ಸೇತುವೆ ದಾಟಿ ಏಳನೆಯ ಮನೆ.
ಹಲಗೆಯ ಅಟ್ಟಣೆ, ನೀರೊಳಗೆ ಅದರ ನಾಲ್ಕು ಕಾಲು.
ಮೋಟಾರು ನಿಲ್ಲಿಸೆಂದು ಅವನು ಹೇಳುವುದಿಲ್ಲ;
ನಾನು ನಿಲ್ಲಿಸುತ್ತೇನೆ.
ಒಂದೊಂದು ಮೊಳೆಯೂ ಅವನೇ ಹೊಡೆದದ್ದು.
ಮೂರನೆಯ ಹಲಗೆಯದು ಸೊಟ್ಟ: ಆಗ ನೆರೆಯ್ದಾ ಕಾಫಿ ತಂದಿದ್ದಳು.
ಕೊನೆಯ ಡಿಸೆಂಬರಿನಲ್ಲಿ, ಹಬ್ಬ ಮುಗಿದ ಮೇಲೆ,
ಕ್ರಿಸ್‌ಮಸ್ ಮರದ ಬುಡಕ್ಕೆ ಎರಡು ಸಿಮೆಂಟ್ ಇಟ್ಟಿಗೆ ಕಟ್ಟಿ
ಇಬ್ಬರೂ ಸೇರಿ ಇದರಡಿ ಇಳಿಸಿದ್ದರು
ಮರಿಮೀನಿಗೆ ಮರೆಯಾಗಲೆಂದು,
ಬಿಚ್ಚಲು ಮರೆತ ಒಂದು ಗಾಜಿನ ಗುಂಡಿನ ಸಮೇತ.

ಆಮೇಲೆ ಮನೆ ಮಾರಿಹೋಯಿತು. ಪಾಲಿನ ಕಾಗದದಲ್ಲಿ
ಫ್ರಿಜ್ಜು ಅವಳಿಗೆ, ನಾಯಿ ಅವಳಿಗೆ, ದೋಣಿ ಇವನಿಗೆ.
ಮರವನ್ನು ಯಾರೂ ಬರೆಸಲಿಲ್ಲ.

ಹುಳ ಬೀಳುತ್ತದೆ ಕಂಬದ ಬದಿಗೆ; ಅಂಗಿಯ ಗುಂಡಿ ಬಿದ್ದಷ್ಟು ಸದ್ದು.
ದಾರ ಸಡಿಲ. ಆಮೇಲೆ ದಾರ ತಾನೇ ನಡೆಯತೊಡಗುತ್ತದೆ
ಪಕ್ಕಕ್ಕೆ, ಯಾರೋ ಕೈಹಿಡಿದು ಕರೆದೊಯ್ದಂತೆ.
ಕೋಲು ಬಾಗಿತು, ನೀರು ಒಡೆಯಿತು, ಹಸಿರು ಮೈ, ಕಪ್ಪು ಪಟ್ಟೆ,
ಕೆಳದವಡೆ ಹಿಡಿದೆತ್ತಿದ. ತೂಕ ನೋಡಲಿಲ್ಲ.
ತುಟಿಯಂಚಿಗೆ ಹಳೆಯ ಗಾಯ. ಇವನ ಗಾಳದ್ದೇ ಇರಬಹುದು.
ಬಾಲ ಹಿಡಿದು ನೀರಲ್ಲಿ ಹಿಂದೆಮುಂದೆ ತೂಗಿ
ಬಿಟ್ಟ. ಅದು ನೇರ ಮರದೊಳಕ್ಕೆ ಹೋಯಿತು.

ಬಾಗಿಲು ಸರಿದ ಸದ್ದು. ಹೊಸ ಮನೆಯಾಕೆ,
ತಲೆಗೆ ಟವೆಲ್ಲು, ಕೈಯಲ್ಲಿ ಲೋಟ, ಬರಿಗಾಲು:
"ಇಲ್ಲಿ ಮೀನಿದೆಯಾ?"

ತಪ್ಪಿಸಿಕೊಂಡದ್ದನ್ನು ಮೊಳದಿಂದ ಮಾರಿಗೆ ಬೆಳೆಸುವವನು,
ಇಪ್ಪತ್ತು ವರ್ಷ ನನಗೇ ಸುಳ್ಳು ಅಳತೆ ಕೊಟ್ಟವನು,
ಒದ್ದೆ ಕೈ ಪ್ಯಾಂಟಿಗೊರೆಸುತ್ತ ಹೇಳಿದ:
"ಏನೂ ಇಲ್ಲಮ್ಮ."
ಸ್ವಲ್ಪ ತಡೆದು,
"ಆ ಮೂರನೆಯ ಹಲಗೆ, ಮೊಳೆ ಎದ್ದಿದೆ. ಕಾಲು ಜೋಪಾನ."