ಎರಡಿಂಚಿನ ಬ್ಲಾಕು

ರಾಜೀನಾಮೆ ಸುದ್ದಿ ಟೀವಿಗಿಂತ ಮೊದಲು
ನಮ್ಮ ಫ್ಲೆಕ್ಸ್ ಅಂಗಡಿಗೆ ಬಂತು.
ರಾತ್ರಿ ಹತ್ತೂವರಿ, ಶಟರ್ ಅರ್ಧ ಇಳಿಸಿದ್ದೆ,
ಫೋನ್ ಮಾಡಿದಾಂವ ಹೆಸರು ಹೇಳಲಿಲ್ಲ.
'ಸಾವಜಿ, ಇಪ್ಪತ್ತಕ್ಕ ಹತ್ತು, ಎಷ್ಟಕ್ಕ ಕೊಡ್ತಿ?
ನಡುವ ನಮ್ಮ ಕುಬೇರಪ್ಪನವರು.
ಗೌಡ್ರನ್ನ ಮ್ಯಾಲೆ, ಮೂಲ್ಯಾಗ, ಸಣ್ಣಗ, ಗುಂಡಗ.'
ಗುಂಡಗ ಅಂದ ಕೂಡಲೆ ತಿಳೀತು.
ನಮ್ಮ ಧಂದೇದಾಗ
ಸತ್ತವರೂ ಕುರ್ಚಿ ಬಿಟ್ಟವರೂ
ಗುಂಡಗ ಆಗ್ತಾರ.

ಹತ್ತೊಂಬತ್ತು ವರ್ಷ ಅಂದಾನಗೌಡ್ರು ಚೌಕ ಇದ್ರು.
ಎದಿಮಟ, ಕೈ ಮುಗಿದು, ತುಸು ಎಡಕ್ಕ ವಾಲಿ,
ಟಾಂಗಾಕೂಟದಾಗ, ಮುಳಗುಂದ ನಾಕಾದಾಗ,
ಬೆಟಗೇರಿಯ 'ಇಲ್ಲಿ ಮೂತ್ರ ಮಾಡಬಾರದು' ಗೋಡಿ ಮ್ಯಾಲೂ.
ಸುತ್ತಲಿನವರು ಬದಲಾದ್ರು,
ಕೆಲವರು ಉಬ್ಬಿದ್ರು, ಕೆಲವರು ಅಂಚಿಗೆ ಸರದು ಸರದು ಉದುರಿದ್ರು,
ಗೌಡ್ರ ಫೈಲಿಗೆ ಮಾತ್ರ ನಾ ಕೈ ಹಚ್ಚಿದ್ದಿಲ್ಲ.
ಒಮ್ಮೆ ಬಿಟ್ಟು. ಅವರಿಗೆ ಎಪ್ಪತ್ತಾದ ವರ್ಷ
ಪಿ.ಎ. ಬಂದು ಬಾಜೂ ಕೂತು
ಕಿವಿ ಮ್ಯಾಲಿನ ಬಿಳಿಕೂದಲಾ ತಗಸಿದ.

ಮರುದಿನ ಮಧ್ಯಾಹ್ನದೊಳಗ ಮೂರು ಆರ್ಡರು.
ಖಜಾಂಚಿ ಕುಬೇರಪ್ಪ ಕರ್ಜಗಿ.
ಅಳಿಯ ನಿಂಗನಗೌಡ: 'ನಮ್ಮ ಮಾವಾರ ಗುಂಡು ತುಸು ದೊಡ್ಡದಿರಲಿ.'
ಇಟಗಿ ಶಕುಂತಲಾಬಾಯಿ ತಾವs ಬಂದ್ರು,
'ಅಧ್ಯಕ್ಷರು' ಇದ್ದದ್ದನ್ನ 'ಅಧ್ಯಕ್ಷೆ' ಮಾಡಿಸಿದ್ರು,
ಚಾ ಆರೂತನಕ ನೋಡಿ, ಮತ್ತ 'ಅಧ್ಯಕ್ಷರು' ಮಾಡಿಸಿದ್ರು.
ಮಶೀನಿಗೇನು,
ಮೂರು ನೂತನ ರಾಜ್ಯಾಧ್ಯಕ್ಷರನ್ನ
ಒಂದ ಮಸಿಯೊಳಗ ಉಗುಳಿತು.

ಸಂಜಿಗೆ ಮ್ಯಾಲಿಂದ ಹೆಸರು ಬಂತು. ನಾಲ್ಕನೇದು.
ಗುರುಶಾಂತಪ್ಪ ಚಾಕಲಬ್ಬಿ.
ಸಭಾ ಮುಗಿದ ಮ್ಯಾಲೆ ಕಡೀ ಸಾಲಿನ್ಯಾಗ ಕೂತು
ಮೈಕಿನ ಬಾಡಿಗಿ ಲೆಕ್ಕಾ ಬರೀತಿದ್ದಾಂವ.
ಅಂವಂದೊಂದು ಫೋಟೋ ಇಲ್ಲ ಇಡೀ ಊರಾಗ.
ಹುಡುಗೂರು ಯಾವುದೋ ಲಗ್ನದ್ದು ಕಳಿಸಿದ್ರು,
ಹೆಗಲ ಮ್ಯಾಲೆ ಯಾರದೋ ಕೈ, ಹವಳದ ಉಂಗುರ.
ಯಾರದೋ ಯಾಕ ಅನ್ಲಿ, ಆ ಉಂಗುರ ನನಗ ಗೊತ್ತು.
ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ,
ಒಂದೊಂದs ಬೆರಳು ತಗದೆ.
ಹೆಬ್ಬೆರಳು ಲಗೂನ ಹೋತು.
ಕಿರುಬೆರಳು ಕಾಲರಿನ ಮಡಿಕಿಯೊಳಗ ಸಿಕ್ಕೊಂಡು
ಅರ್ಧ ತಾಸು ಕಾಡಿತು.
ಈಗೂ ಮುಳಗುಂದ ನಾಕಾಕ್ಕ ಹೋಗಿ ದಿಟ್ಟಿಸಿ ನೋಡ್ರಿ,
ಹೊಸ ಅಧ್ಯಕ್ಷರ ಎಡ ಹೆಗಲು ತುಸು ಕೆಳಗೈತಿ,
ಏನೋ ಹೊತ್ತವರಂಗ.

ಆ ಮೂರು ಬ್ಯಾನರು ಯಾರೂ ಒಯ್ಯಲಿಲ್ಲ.
ಎಪಿಎಂಸಿ ಹಮಾಲರು ಕೇಳಿ ಒಯ್ದರು.
ಮಾಡ ಕಟ್ಟಿದ್ರ ಸಾಕು,
ಉಳ್ಳಾಗಡ್ಡಿ ರಾಶಿ ಮ್ಯಾಲೆ ಕುಬೇರಪ್ಪ
ಕೈ ಮುಗಿದು ಅಂಗಾತ ಮಲಗ್ತಾನ.

ಉಳಿದದ್ದು ಬಾಕಿ. ನಲವತ್ತೊಂದು ಸಾವಿರದ ಮುನ್ನೂರು.
ಹೊಸಬರ ಆಫೀಸಿನ್ಯಾಗ ಅಂದ್ರು: 'ಅದು ಗೌಡ್ರ ಕಾಲದ್ದು.'
ಗೌಡ್ರ ಮನಿಗೆ ಹೋದೆ. ಗೇಟಿನ್ಯಾಗ ಒಂದೂ ಕಾರಿಲ್ಲ.
ಒಳಗ ಕರದ್ರು, ನೀರು ಕೊಡಿಸಿದ್ರು,
ಬಿಲ್ಲು ದೂರ ಹಿಡದು, ಹತ್ರ ಹಿಡದು ಓದಿ
'ಇದು ಪಕ್ಷದ್ದಲ್ಲೋ ಸಾವಜಿ' ಅಂದ್ರು.
ಸುಳ್ಳಲ್ಲ.
ಬಾಗಲತನಕ ಬಂದು, ಚಪ್ಪಲಿ ಹಾಕ್ಕೊಳ್ಳೂಮುಂದ, ಸಣ್ಣ ದನೀಲೆ:
'ನನ್ನ ಗುಂಡಗ ಮಾಡೀಯಂತಲ್ಲ,
ಛಲೋ ಕಾಣ್ತೇತೇನು?'

ನಮ್ಮಪ್ಪ ತುಳಜಾಸಾನ ಟ್ರೆಡಲ್ ಮಶೀನು ಗುಜರಿಗೆ ಹೋದಾಗ
ಮೊಳೆ ಡಬ್ಬಿಯೊಳಗ ಒಂದು ಉಳಿದಿತ್ತು,
ಗೌಡ್ರ ಮೊದಲನೇ ಇಲೆಕ್ಷನ್ನಿನ ಸತುವಿನ ಬ್ಲಾಕು, ಎರಡಿಂಚು.
ಎಲ್ಲಾ ತಿರುವು ಮುರುವು. ಬೈತಲೆ ಆ ಕಡೆ, ನಗಿ ಈ ಕಡೆ.
ಮಸಿ ಹಚ್ಚಿ ಒತ್ತಿದ್ರನs
ನೆಟ್ಟಗಾಗೂ ಮುಖ.
ಫ್ಯಾನಿನ ಗಾಳಿಗೆ ಹಾರಬಾರದಂತ
ಬಿಲ್ಲಿನ ಮ್ಯಾಲೆ ಅದನ್ನs ಇಟ್ಟೀನಿ.
ಭಾರ ಐತಿ.