ದೊಡ್ಡಯ್ಯನವರ ಕಾಂಪೌಂಡು

ಹಾಸನದ ಆಲೂಗಡ್ಡೆ ಮಂಡಿಯಲ್ಲಿ ತೂಕದ ಗುಮಾಸ್ತ.
ಹೆಸರು ದೊಡ್ಡಯ್ಯ. ಬರೆದದ್ದೆಲ್ಲ
ಮೊಣಕಾಲೆತ್ತರದವರಿಗೆ.

ಬಿತ್ತನೆ ಗಡ್ಡೆಯ ಲಾರಿಗಳು ಸಾಲುಗಟ್ಟುವ ಮೇ ತಿಂಗಳಲ್ಲೂ
ಕಾಟಾದ ಮುಳ್ಳು ನಡುಗಿ ನಿಲ್ಲುವ ಎರಡು ಉಸಿರಿನ ಬಿಡುವಿಗೆ
ತೂಕದ ಚೀಟಿಯ ಬೆನ್ನ ಮೇಲೆ ಒಂದು ಸಾಲು.
ಮುಂದೆ: ನಲವತ್ತೊಂಬತ್ತು ಕೆಜಿ, ಎಂಟುನೂರು ಗ್ರಾಂ.
ಹಿಂದೆ: ಅವತ್ತು ಕಪ್ಪೆಗೆ ನೆಗಡಿಯಾಗಿತ್ತು.

ಜಿಲ್ಲೆಯ ಶಾಲೆಗಳಿಗೆಲ್ಲ ಆ ಕಪ್ಪೆ ಗೊತ್ತು.
ಹಿಂದಿನ ಗಲ್ಲಿಯ ನಮಗೆ ಗೊತ್ತಿದ್ದದ್ದು
ಗಾಜಿನ ಚೂರು ನೆಟ್ಟ ಕಾಂಪೌಂಡು.
ಬಿದ್ದ ಚೆಂಡು ವಾಪಸಿಲ್ಲ.
"ನಾನು ಬರೆಯೋದು ಮಕ್ಳಿಗೆ ಕಣ್ರೋ, ಮಕ್ಳ ಗಲಾಟೆಗಲ್ಲ"
ಎಂದು ಕಿಟಕಿ ಹಾಕಿಕೊಂಡರು.

ನರಿಗೆ ಕೊನೆಯಲ್ಲಿ ಶಿಕ್ಷೆಯಾಗಲಿ ಎಂದ ಸಂಪಾದಕರಿಗೆ
"ಮೂವತ್ತು ವರ್ಷ ಮಂಡಿಯಲ್ಲಿದ್ದೇನೆ,
ಕಳ್ಳತೂಕದವನಿಗೇ ಆಗಿಲ್ಲ, ನರಿಗ್ಯಾಕೆ?" ಎಂದು ಬರೆದರಂತೆ.
ಶಾಲೆಯ ವಾರ್ಷಿಕೋತ್ಸವದಲ್ಲಿ ಬಿಇಒ ಸಾಹೇಬರು ಮೈಕು ತಟ್ಟಿ,
"ಮಕ್ಕಳೇ, ಈ ಕಥೆಯ ನೀತಿ ಏನು?"
ದೊಡ್ಡಯ್ಯ ಅರ್ಧ ಎದ್ದರು:
"ತರೋದು ಮರ್ತೆ ಸಾರ್. ಕಪ್ಪೆ ಮಾತ್ರ ತಂದೆ."

ಆ ವರ್ಷದ ದೀಪಾವಳಿ ಸಂಚಿಕೆಯಲ್ಲಿ ನಮ್ಮ ಚೆಂಡು ಸಿಕ್ಕಿತು.
ಕೆಂಪು, ಒಂದು ಕಡೆ ಹೊಲಿಗೆ ಬಿಟ್ಟದ್ದು, ನಮ್ಮದೇ.
ಹೇಮಾವತಿಗೆ ಬಿದ್ದು, ಗೊರೂರಿನ ತೂಬು ನುಸುಳಿ,
ಕಾವೇರಿಯ ಕೈಹಿಡಿದು ಕಡಲಿಗೆ ಹೋಗಿ
ತಿಮಿಂಗಿಲದ ಮೂಗಿನ ಮೇಲೆ ಕೂತಿತ್ತು.
ಕ್ಲಾಸಿಗೆ ಕ್ಲಾಸೇ ಚಪ್ಪಾಳೆ. ನನಗೆ ಮೈಯೆಲ್ಲ ಉರಿ.

ಮೂರು ಮನೆ ಆಚೆಗೆ ಅಂಚೆಯಲ್ಲಿ ಕಾರ್ಡು ಹಾಕಿದೆ:
'ಸುಳ್ಳು. ಚೆಂಡು ಸಮುದ್ರದಲ್ಲಿಲ್ಲ.
ನಿಮ್ಮ ಬಟ್ಟೆ ಒಗೆಯೋ ಕಲ್ಲಿನ ಹಿಂದಿದೆ.
ನಮ್ಮ ತಾರಸಿಯಿಂದ ಕಾಣುತ್ತೆ.
ಇಂತಿ, ಫಾಲಾಕ್ಷ, ಆರನೇ ಬಿ.'

ನಾಲ್ಕನೇ ದಿನ ತೂಕದ ಚೀಟಿ ಬಂತು.
ಮುಂದೆ ಯಾರದೋ ಐವತ್ತು ಕೆಜಿ.
ಹಿಂದೆ: 'ನೀನು ಕಂಡದ್ದೂ ನಿಜ.
ಹತ್ತಕ್ಕೆ ಮಂಡಿಗೆ ಹೋಗ್ತೇನೆ. ಗಾಜಿನ ಮೇಲೆ
ಗೋಣಿ ಹಾಸಿರುತ್ತೆ. ಬಲಕ್ಕೆ ಇಳಿ, ಎಡಕ್ಕೆ ಹಾಗಲ ಬಳ್ಳಿ.
ಗೇಟು ತೆಗೆದಿಡಬಹುದಿತ್ತು,
ತೆಗೆದರೆ ಕಥೆಗೆ ಮರ್ಯಾದೆ ಇರಲ್ಲ.'

ಹಾರಿದೆ. ಕಲ್ಲಿನ ಹಿಂದೆಯೇ ಇತ್ತು.
ಬಿಟ್ಟ ಹೊಲಿಗೆಗೆ ದಬ್ಬಳ ತೂರಿಸಿ
ಆಲೂಗಡ್ಡೆ ಚೀಲದ ದಾರದಲ್ಲಿ ಹೊಲಿದಿದ್ದರು,
ದಪ್ಪಗೆ, ಅಡ್ಡಾದಿಡ್ಡಿ, ಗಂಟು ಹೊರಗೆ.

ಆಮೇಲೆ ಆ ಚೆಂಡು ನೆಟ್ಟಗೆ ಹೋದದ್ದೇ ಇಲ್ಲ.
ನೆಲ ಮುಟ್ಟಿದ್ದೇ ಎಡಕ್ಕೆ, ಒಮ್ಮೊಮ್ಮೆ ಎಲ್ಲಿಗೋ.
ಆ ಬೇಸಿಗೆ ನಮ್ಮ ಗಲ್ಲಿಯಲ್ಲಿ
ಯಾರೂ ಇಪ್ಪತ್ತು ರನ್ ದಾಟಲಿಲ್ಲ.